ಜರ್ಮನಿಗೆ ಹೊರಟ ಬೆಲ್ಲು

ಬೆಳಿಗ್ಗೆ ಎಂಟಕ್ಕೆ ನಾನು ಮತ್ತು ನಯಾಜ್ ಶಿವಾಜಿನಗರದಲ್ಲಿ ಬಸ್ಸು ಹತ್ತಿದೆವು. ಅವನ ತೊಡೆಯ ಮೇಲೊಂದು ಮಿಠಾಯಿ ಡಬ್ಬಿ, ಅದರೊಳಗೆ ವೈರಿಲ್ಲದ ಬೆಲ್ಲು. ಹಾಸಿಗೆ ಹಿಡಿದವರು ಗುಂಡಿ ಒತ್ತಿದರೆ ಪಕ್ಕದ ಕೋಣೆಯಲ್ಲಿ ಹೊಡೆಯುತ್ತದೆ. ರಸೆಲ್ ಮಾರುಕಟ್ಟೆಯ ಹಿಂದೆ ಒಂದೇ ಕೋಣೆಯಲ್ಲಿ ಕೂತು ಅವನು ಇದನ್ನು ಮಾಡುತ್ತಿದ್ದ, ಪತ್ರವ್ಯವಹಾರವೆಲ್ಲ ನನ್ನದು. ಜರ್ಮನಿಯ ವ್ಯಾಪಾರಿಯೊಬ್ಬ ಕೊಳ್ಳಲು ಒಪ್ಪಿದ್ದ. ಆದರೆ ಅಲ್ಲಿನ ನಿಯಮದಂತೆ ರೇಡಿಯೊ ಪರೀಕ್ಷೆಯಲ್ಲಿ ಪಾಸಾದ ವರದಿ ಶುಕ್ರವಾರದೊಳಗೆ ಅವನಿಗೆ ತಲುಪಬೇಕಿತ್ತು. ಅಂದು ಬುಧವಾರ.

"ಅಕ್ಕಾ, ಇದೊಂದ್ ಆಗ್ಬಿಟ್ರೆ ದುಬೈ ಕ್ಯಾನ್ಸಲ್," ಎಂದ ನಯಾಜ್. ಹೆಂಡತಿಯ ಅಣ್ಣ ಅಲ್ಲಿಂದ ವೀಸಾ ಕಳಿಸಿ ತಿಂಗಳಾಗಿತ್ತು. ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಅವಳನ್ನು ಬಿಟ್ಟು ಹೋಗಲು ಇವನಿಗೆ ಸುತರಾಂ ಮನಸ್ಸಿರಲಿಲ್ಲ.

ಟಿಕೆಟ್ಟು ತಲಾ ಏಳು ರೂಪಾಯಿ. ಮೆಟ್ರೋ ಇನ್ನೂ ಬಂದಿರದ ಕಾಲ. ಹಲಸೂರು ದಾಟುವಷ್ಟರಲ್ಲೇ ಬಿಸಿಲು ಚುರುಗುಟ್ಟತೊಡಗಿತು. ಇಂದಿರಾನಗರದ ಸಿಗ್ನಲ್ಲಿನಲ್ಲಿ ಇಪ್ಪತ್ತು ನಿಮಿಷ ಬೆಂದೆವು, ಟಿನ್ ಫ್ಯಾಕ್ಟರಿಯಲ್ಲಿ ಇನ್ನಷ್ಟು. ಥೂ, ನಡೆದೇ ಹೋಗಬಹುದಿತ್ತು! ಕೆ.ಆರ್. ಪುರದಲ್ಲಿ ಇಳಿದು ಇಡ್ಲಿ ತಿಂದೆವು. ಚಟ್ನಿ ಬರೀ ನೀರು. ನಯಾಜ್ ಮಾತ್ರ ಹಬ್ಬದೂಟದಂತೆ ತಿಂದ.

ಅಲ್ಲೇ ಹತ್ತಿರವಿದ್ದ ರೇಡಿಯೊ ಪರೀಕ್ಷಾ ಕೇಂದ್ರದ ಎಂಜಿನಿಯರು ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಬೆಲ್ಲಿನ ಗುಂಡಿಯನ್ನಿಟ್ಟು ಬಾಗಿಲು ಹಾಕಿದ. ಹೊರಗಿನ ಪರದೆಯಲ್ಲಿ ಹಸಿರು ಗೆರೆಯೊಂದು ಎದ್ದು ಕೆಂಪು ಗೆರೆಯನ್ನು ದಾಟಿ ಮೇಲೆ ಹೋಯಿತು.

"ನೋಡಿ ಸಾರ್, ಏನ್ ಪವರ್ರು!" ನಯಾಜ್ ಎದೆಯುಬ್ಬಿಸಿದ. "ನಿನ್ನೆನೇ ಆಂಟೆನಾ ಉದ್ದ ಮಾಡ್ದೆ, ಬ್ಯಾಟ್ರಿನೂ ದೊಡ್ಡದು ಹಾಕ್ದೆ. ಎರಡು ಗಲ್ಲಿ ಆಚೆಯಿಂದ ಒತ್ತಿದ್ರೂ ಹೊಡೀತದೆ."

"ಅದಕ್ಕೇ ರೀ ಫೇಲು," ಎಂದ ಎಂಜಿನಿಯರು. "ಕೆಂಪು ಗೆರೆ ದಾಟಬಾರ್ದು. ಅಕ್ಕಪಕ್ಕದವರ ರಿಮೋಟು, ಕಾರಿನ ಲಾಕು ಎಲ್ಲಾ ಕೆಡುತ್ತೆ. ಅಲ್ಲಿ ಬಿಡಲ್ಲ."

ನಮ್ಮ ಮಾರುಕಟ್ಟೆಯಲ್ಲಿ ಗಿರಾಕಿ ಬೀದಿಯ ತುದಿಗೆ ಹೋಗಿ ಗುಂಡಿ ಒತ್ತಿ ನೋಡಿಯೇ ಕೊಳ್ಳುತ್ತಾನೆ. ದೂರದಿಂದ ಹೊಡೆದದ್ದೇ ಒಳ್ಳೆಯ ಬೆಲ್ಲು. ನಯಾಜ್ ಕಲಿತದ್ದು ಅದನ್ನೇ.

"ಸಾರ್, ಈಗ್ಲೇ ಆಂಟೆನಾ ಕಟ್ ಮಾಡ್ಕೊಡ್ತೀನಿ."

"ನಿಮ್ಮ ಟೈಮು ಮುಗೀತು. ಇನ್ನು ಮೂರು ವಾರ ಖಾಲಿ ಇಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಜನವಿರಲಿಲ್ಲ. ಹಲಸೂರು ಬಂದಾಗ ನಯಾಜ್ ನನ್ನತ್ತ ತಿರುಗಿದ.

"ಅಕ್ಕಾ, ಆ ಕೆಂಪು ಗೆರೆ ವಿಷ್ಯ ಜರ್ಮನಿಯವ್ರು ಕಳ್ಸಿದ್ದ ಕಾಗದದಲ್ಲಿ ಇತ್ತಾ?"

"ಇತ್ತು."

"ನೀವು ಓದಿದ್ರಾ?"

ನಾಲ್ಕನೆಯ ಪುಟದಲ್ಲಿತ್ತು. ಇಂಗ್ಲಿಷು ಬಾರದವನಿಗೆ ಸಾಲು ಸಾಲಾಗಿ ಬಿಡಿಸಿ ಹೇಳುವ ತಾಪತ್ರಯ ಯಾರಿಗೆ ಬೇಕು, ರೇಡಿಯೊ ವಿಷಯ ಅವನಿಗೆ ಗೊತ್ತಿರದೆ ಇರುತ್ತದೆಯೇ ಎಂದುಕೊಂಡು ಸುಮ್ಮನಾಗಿದ್ದೆ. ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಹಾಕ!

"ಓದಿದ್ದೆ ಕಣಪ್ಪಾ. ನಿಂಗೆ ಹೇಳ್ಲಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಿವಾಜಿನಗರದಲ್ಲಿ ಇಳಿದಾಗ ಡಬ್ಬಿಯನ್ನು ನನ್ನ ಕೈಗಿಟ್ಟ.

"ನೀವೇ ಇಟ್ಕೊಳ್ಳಿ ಅಕ್ಕಾ. ದುಬೈಗೆ ತಗೊಂಡ್ಹೋಗಿ ಏನ್ ಮಾಡ್ಲಿ?"

ಮಾರುಕಟ್ಟೆಯ ಜನರ ನಡುವೆ ಅವನು ನಡೆದುಹೋದ. ಒಮ್ಮೆಯಾದರೂ ತಿರುಗಿ ನೋಡಿಯಾನು ಎಂದು ಡಬ್ಬಿ ಹಿಡಿದು ನಿಂತಿದ್ದೆ. ನೋಡಲಿಲ್ಲ.