ಅಕ್ಕನನ್ನು ಅಕ್ಕಾ ಎಂದು ಕರೆದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ನಮ್ಮ ಲೈನಿನಲ್ಲಿ ನನ್ನಂಥ ಪುಕ್ಕಲಿ ಇನ್ನೊಬ್ಬಳಿರಲಿಲ್ಲ. ಲೈನು ಎಂದರೆ ರೈಲಿನ ದಾರಿಯಲ್ಲ ಮಕ್ಕಳೇ, ಕೋರಮಂಡಲ್ ಚಿನ್ನದ ಗಣಿಯ ಕೆಲಸಗಾರರು ವಾಸವಿದ್ದ ಮನೆಗಳ ಸಾಲು. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು, ಒಳಗೆ ಒಂದೇ ಕೋಣೆ. ಒಬ್ಬರ ಮನೆಯಲ್ಲಿ ಸೀನಿದರೆ ಆಚೆ ಮನೆಯವರು ಉಸಿರು ಬಿಗಿಹಿಡಿದು ಇನ್ನೊಂದು ಸೀನಿಗೆ ಕಾಯುತ್ತಿದ್ದರು. ಹಗಲೂ ರಾತ್ರಿ ಅದಿರು ಕುಟ್ಟುವ ಗಿರಣಿಯ ಸದ್ದು. ನನಗೆ ಆ ಸದ್ದಿಗೆ ಹೆದರಿಕೆ, ಗಣಿಯ ಸೈರನ್ನಿಗೆ ಹೆದರಿಕೆ, ಎದುರು ಮನೆಯ ಹುಂಜಕ್ಕೂ ಹೆದರಿಕೆ.

ನನ್ನ ಅಕ್ಕ ಹಾಗಲ್ಲ. ಆ ಹುಂಜವೇ ಅವಳನ್ನು ಕಂಡರೆ ಓಡಿಹೋಗುತ್ತಿತ್ತು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನನ್ನ ತಲೆ ಬಾಚುವಾಗ ಕಣ್ಣು ಮೇಲೇರುವಷ್ಟು ಬಿಗಿಯಾಗಿ ಜಡೆ ಎಳೆಯುತ್ತಿದ್ದಳು, ಅತ್ತರೆ ಇನ್ನಷ್ಟು ಎಳೆಯುತ್ತಿದ್ದಳು. ಸಿಡುಬು ಬಾರದಿರಲೆಂದು ತೋಳು ಗೀರಿ ಮದ್ದು ಹಾಕುವವನು ಲೈನಿಗೆ ಬಂದಾಗ ಅಕ್ಕ ನೀರಿನ ಪೀಪಾಯಿಯ ಹಿಂದೆ ಅಡಗಿ ತಪ್ಪಿಸಿಕೊಂಡಳು. ಓಡಲಾರದ ನಾನು ಸಿಕ್ಕಿಬಿದ್ದೆ. ತೋಳು ಊದಿಕೊಂಡು ನಾನು ಅಳುತ್ತಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮಾರನೇ ವರ್ಷದ ಬೇಸಿಗೆಯಲ್ಲಿ ಅಕ್ಕನಿಗೆ ಸಿಡುಬು ಬಂತು. ಆಗ ಯಾರೂ ಆ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಾರಮ್ಮ ತಾಯಿ ಮನೆಗೆ ಬಂದಿದ್ದಾಳೆ ಎನ್ನುತ್ತಿದ್ದರು. ಅಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಒಗ್ಗರಣೆಯ ಘಾಟು ದೇವಿಗೆ ಆಗದೆಂದು ಬಾಣಲೆ ಎತ್ತಿಟ್ಟಳು. ಯಾರೂ ತಲೆ ಬಾಚುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಮನೆಯ ತುಂಬ ಬೇವಿನ ಕಹಿ ವಾಸನೆ, ಹುಳಿ ಮಜ್ಜಿಗೆಯ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಅದು ಅಕ್ಕನ ಮೈಯಿಂದ ಬರುತ್ತಿತ್ತು.

ಆದರೆ ನನಗೆ ಎಲ್ಲಕ್ಕಿಂತ ಭಯವಾದದ್ದು ಬೇರೆಯೇ ಒಂದು ಕಟ್ಟಳೆಗೆ. ಚಾಪೆಯ ಮೇಲೆ ಮಲಗಿರುವುದು ಈಗ ಅಕ್ಕ ಅಲ್ಲ, ದೇವಿ. ಅವಳನ್ನು ಅಕ್ಕ ಎಂದೋ ಹೆಸರು ಹಿಡಿದೋ ಕರೆದರೆ, ಬಂದಿರುವ ದೇವಿಯನ್ನು ತಳ್ಳಿ ಮಾತಾಡಿದಂತೆ. ಅವಳು ಮುನಿದರೆ ಮಗುವನ್ನು ಕರೆದುಕೊಂಡೇ ಹೋಗುತ್ತಾಳೆ ಎಂದು ಅಮ್ಮ ನನ್ನ ಗಲ್ಲ ಹಿಡಿದು ಹೇಳಿದ್ದಳು. ಹಾಗಾಗಿ ಎಲ್ಲರೂ ಅಕ್ಕನನ್ನು ‘ತಾಯೀ’ ಎನ್ನತೊಡಗಿದರು. ದಿನಾ ಅವಳನ್ನು ಕೋತಿ ಎಂದು ಕರೆಯುತ್ತಿದ್ದ ಅಪ್ಪ, ಗಣಿಯಿಂದ ಬಂದವನು ಕೈಕಾಲು ತೊಳೆದು ಚಾಪೆಯ ಮುಂದೆ ನಿಂತು ಅವಳಿಗೆ ಕೈಮುಗಿದ. ಅಪ್ಪನೇ ಕೈಮುಗಿಯುತ್ತಾನೆಂದರೆ ಅಕ್ಕ ಎಲ್ಲಿ ಹೋದಳು?

ದೇವಿಯೊಡನೆ ಒಬ್ಬೊಬ್ಬರು ಒಂದೊಂದು ಥರ ಮಾತಾಡುತ್ತಿದ್ದರು. ಎದುರು ಮನೆಯ ತಮಿಳು ಮುದುಕಿಯನ್ನು ನಾವು ಆಯಾ ಎನ್ನುತ್ತಿದ್ದೆವು. ಆಕೆ ಸಂಜೆಯ ಹೊತ್ತು ಹೊರಗೆ ಕೂತು ತಮಿಳಿನಲ್ಲಿ ದೇವಿಗೆ ಜೋಗುಳ ಹಾಡುತ್ತಿದ್ದಳು. ಲೈನಿನ ಕೊನೆಯಲ್ಲಿ ಬೇವಿನ ಮರದಡಿ ಇದ್ದ ಗುಡಿಯ ಪೂಜಾರಿ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದ. ಅಮ್ಮ ಪಿಸುಮಾತಿನಲ್ಲಿ, ಮನೆಗೆ ಬಂದ ದೊಡ್ಡ ನೆಂಟರೊಡನೆ ಆಡುವಂತೆ ಕನ್ನಡದಲ್ಲಿ ಆಡುತ್ತಿದ್ದಳು. ನನಗೆ ಮಾತ್ರ ‘ತಣ್ಣಗಿರು ತಾಯಿ’ ಎಂದಷ್ಟೇ ಹೇಳಲು ಅಪ್ಪಣೆ. ನನ್ನ ನಾಲಿಗೆಗೆ ಎಲುಬಿಲ್ಲ, ಏನಾದರೂ ಒದರಿಬಿಡುತ್ತೇನೆ ಎಂದು ಅಮ್ಮನಿಗೆ ದಿಗಿಲು.

ಕೆಲವು ದಿನ ಕಳೆದಾಗ ಅಕ್ಕನ ಮುಖ ಗುರುತು ಸಿಗದಂತೆ ಊದಿತು, ಕಣ್ಣು ಮುಚ್ಚಿಹೋದವು. ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಇದೇ ಕಾಯಿಲೆ ಬಂದಿದ್ದ ಮಗು ತೀರಿಕೊಂಡಿತ್ತು. ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ. ಆದರೆ ಒಂದು ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗದೆ ರೈಲು ಹತ್ತಿ ಬಂಗಾರಪೇಟೆಗೆ ಹೊರಟ. ಅಲ್ಲಿಂದಾಚೆ ಹಳ್ಳಿಯಲ್ಲಿದ್ದ ಅಜ್ಜಿಯನ್ನು ಕರೆತರಲು. ಅಜ್ಜಿಯನ್ನು ಯಾಕೆ ಕರೆಸುತ್ತಾರೆಂದು ನನಗೆ ಗೊತ್ತಿತ್ತು. ಮಗುವನ್ನು ಕೊನೆಯ ಸಲ ನೋಡಲಿ ಎಂದು.

ಅಂದು ಮಧ್ಯಾಹ್ನ ಅಮ್ಮ ಬೇವಿನ ಮರದಡಿಯ ಕಲ್ಲುದೇವಿಗೆ ತಣ್ಣೀರು ಹೊಯ್ಯಲು ಹೋಗಬೇಕಿತ್ತು. ಮದ್ದು ಹಾಕಿಸಿಕೊಂಡವಳು ಹತ್ತಿರ ಕೂತರೆ ಭಯವಿಲ್ಲ ಎಂದು ಅಪ್ಪ ಹೇಳಿದ್ದರಿಂದ ನನ್ನ ಕೈಗೆ ಬೇವಿನ ರೆಂಬೆ ಕೊಟ್ಟಳು. ನವೆಯಾದರೆ ಮೆಲ್ಲಗೆ ಸವರು, ಬೇರೇನೂ ಮಾತಾಡಬೇಡ ಎಂದು ಹೇಳಿ ಬಿಂದಿಗೆ ಎತ್ತಿಕೊಂಡು ಹೋದಳು. ತಗಡಿನ ಮಾಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಚಾಪೆಯಿಂದ ಆದಷ್ಟು ದೂರ ಕೂತು, ಕೈ ಚಾಚಿ ಸವರುತ್ತಿದ್ದೆ. ಆ ಮುಖವನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಇದ್ದಕ್ಕಿದ್ದಂತೆ ಆ ತುಟಿಗಳು ಅಲುಗಿದವು. “ಯಾರದು?” ಎಂದಿತು ಒಣಗಿದ ದನಿ. “ನಾನು” ಎಂದೆ. ಅದೇ ದನಿ ಮತ್ತೆ ಕೇಳಿತು.

“ಎಲ್ರೂ ನನ್ನ ತಾಯೀ ಅಂತವ್ರೆ. ಅಪ್ಪಾನೂ ಅಂಗೇ ಅಂತಾನೆ. ನಾನು ಸತ್ತೋದ್ನೇನೇ?”

ಇಷ್ಟು ದಿನ ಅಕ್ಕ ಎಲ್ಲಿ ಹೋದಳೆಂದು ನಾನು ಹೆದರುತ್ತಿದ್ದರೆ, ಅಕ್ಕ ಆ ಊತದೊಳಗೆ ಒಬ್ಬಳೇ ಕೂತು ಅದಕ್ಕೇ ಹೆದರುತ್ತಿದ್ದಳು. ಅವಳ ಬೆರಳುಗಳು ಚಾಪೆಯಾಚೆಗೆ ತಡಕಾಡಿ ನನ್ನ ಲಂಗದ ಅಂಚು ಹಿಡಿದವು.

“ಒಂದ್ಸಲ ಅಕ್ಕಾ ಅನ್ನೇ. ಒಂದೇ ಒಂದ್ಸಲ.”

ಏನು ಮಾಡಲಿ? ಕರೆದರೆ ದೇವಿ ಮುನಿದು ಅಕ್ಕನನ್ನು ಕರೆದೊಯ್ಯುತ್ತಾಳೆ. ಕರೆಯದಿದ್ದರೆ ತಾನು ಸತ್ತೆನೆಂದೇ ತಿಳಿದು ಅಕ್ಕ ತಾನಾಗಿ ಹೊರಟುಹೋಗುತ್ತಾಳೆ. ಓಡಿಹೋಗೋಣವೆಂದರೆ ಲಂಗ ಅವಳ ಕೈಯಲ್ಲಿತ್ತು. ನನಗೆ ತಮಿಳಿನ ಜೋಗುಳ ಬರುತ್ತಿರಲಿಲ್ಲ, ಪೂಜಾರಿಯ ಮಾತೂ ಬರುತ್ತಿರಲಿಲ್ಲ. ನಾನು ಎದ್ದು ಮಂಡಿಯೂರಿ, ಕಣ್ಣು ಮುಚ್ಚಿ, ಪಕ್ಕದ ಮನೆಯವರನ್ನು ಒರಳು ಕೇಳುವಾಗ ಹೇಗೆ ಕೇಳುತ್ತೇನೋ ಹಾಗೇ ದೇವಿಯನ್ನು ಕೇಳಿದೆ.

“ತಾಯೀ, ನೀನು ವಸಿ ಆ ಕಡೆ ಕುಂತ್ಕೋ. ನಾನು ನಮ್ಮಕ್ಕನ ತಾವ ಒಂದು ಮಾತಾಡ್ಬೇಕು. ಮಾತಾಡ್ಬುಟ್ಟು ನಿನ್ ಜಾಗ ನಿಂಗೇ ಕೊಡ್ತೀನಿ.”

ಕಾದೆ. ಗಿರಣಿಯ ಸದ್ದು ಬಿಟ್ಟರೆ ಏನೂ ಇಲ್ಲ. ದೇವಿ ಒಪ್ಪಿಕೊಂಡಳೆಂದುಕೊಂಡು ಅಕ್ಕನ ಕಿವಿಗೆ ಬಾಗಿ “ಅಕ್ಕಾ” ಎಂದೆ.

ಆಗಲೇ ನೆಲ ನಡುಗಿತು.

ಗುಡುಗು ನೆಲದಡಿಯಿಂದ ಬಂದಂತಾಯಿತು. ತಟ್ಟಿ ಗೋಡೆ ಓಲಾಡಿತು, ತಗಡಿನಿಂದ ಮಣ್ಣು ಸುರಿಯಿತು, ಮೂಲೆಯಲ್ಲಿದ್ದ ಮಡಕೆ ಉರುಳಿ ಒಡೆದು ನೀರು ನನ್ನ ಕಾಲಿನವರೆಗೆ ಹರಿದು ಬಂತು. ಹೊರಗೆ ಹೆಂಗಸರು ಕೂಗಿಕೊಂಡರು, ಸೈರನ್ನು ಊಳಿಟ್ಟಿತು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಹೀಗೆ ಆಗುತ್ತದೆಂದು ಲೈನಿನ ಹಸುಗೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಬಂಡೆಯೂ ನೆನಪಾಗಲಿಲ್ಲ, ಗಣಿಯೂ ನೆನಪಾಗಲಿಲ್ಲ. ದೇವಿ ಎದ್ದು ನಿಂತಳು, ಅಷ್ಟೇ.

ಹೆದರಿಕೆ ಮಿತಿಮೀರಿದರೆ ಸಿಟ್ಟು ಬರುತ್ತದೆಂದು ನನಗೆ ತಿಳಿದದ್ದು ಅಂದೇ. ಕೇಳಿಯೇ ತಾನೆ ಮಾತಾಡಿದ್ದು, ಒಗ್ಗರಣೆ ಬಿಟ್ಟಿದ್ದೇವೆ, ತಲೆ ಬಾಚುವುದನ್ನು ಬಿಟ್ಟಿದ್ದೇವೆ, ನಿನಗೆ ಇನ್ನೂ ಏನು ಬೇಕು ಎಂದು ದೇವಿಯ ಮೇಲೆ ರೇಗಿದೆ. ಅಕ್ಕನನ್ನು ಬಿಡು, ಬೇಕಾದರೆ ನನ್ನ ಮೇಲೆ ಬಾ ಎಂದೂ ಅಂದುಬಿಟ್ಟೆ. ಅಂದ ಮರುಗಳಿಗೆಯೇ ಜೀವ ಹಾರಿದಂತಾಗಿ, ಬೇಡ ತಾಯಿ, ನನ್ನ ಮೇಲೂ ಬರಬೇಡ, ಬಾಯಿತಪ್ಪಿ ಅಂದೆ ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತೆ. ನೀವು ನಗುತ್ತೀರಿ. ಕತೆಗಳಲ್ಲಿ ಬರುವ ಧೀರ ಮಕ್ಕಳು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ತೆಗೆದುಕೊಂಡೆ.

ಆ ಗಲಾಟೆಯ ನಡುವೆ ಅಕ್ಕ “ಊಂ” ಎಂದಳು. ನಾನು ಕರೆದದ್ದಕ್ಕೆ ಉತ್ತರ ಅದು. ಆಮೇಲೆ ನೀರು ಬೇಕೆಂದಳು. ಒಡೆದ ಮಡಕೆಯ ತಳದಲ್ಲಿ ಉಳಿದಿದ್ದ ನೀರನ್ನು ಚಮಚದಲ್ಲಿ ಬಿಟ್ಟೆ. ಗಂಟಲಲ್ಲಿ ಇಳಿಯಿತು.

ಅಮ್ಮ ಒದ್ದೆ ಸೀರೆಯಲ್ಲೇ ಓಡಿ ಬಂದಳು. ಅವಳಿಗೆ ನಾನು ಏನೂ ಹೇಳಲಿಲ್ಲ. ಬಂಡೆ ಸಿಡಿದಿದ್ದರೂ ಯಾರ ಜೀವಕ್ಕೂ ಅಪಾಯವಾಗಿಲ್ಲವೆಂದು ಸಂಜೆಯ ಹೊತ್ತಿಗೆ ಲೈನಿಗೆಲ್ಲ ತಿಳಿಯಿತು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಅಪ್ಪನೊಡನೆ ಅಜ್ಜಿ ಬಂದು ಕಾಲು ತೊಳೆದು ಕೂತ ಮೇಲೆ ಅವಳ ಸೆರಗಿನೊಳಗೆ ಮುಖ ಹುದುಗಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು. ಅಜ್ಜಿ ಬೈಯಲಿಲ್ಲ. ದೇವಿಯನ್ನು ಯಾವ ಮಾತಿನಲ್ಲಿ ಕೇಳಿದೆ ಎಂದಳು. ನಮ್ಮ ಮಾತಿನಲ್ಲೇ ಎಂದೆ.

“ಇನ್ಯಾವ ಮಾತಲ್ಲಿ ಕೇಳ್ಬೇಕಿತ್ತು?” ಎಂದು ಅಮ್ಮನ ಕಡೆ ತಿರುಗಿದಳು ಅಜ್ಜಿ. “ನಮ್ಮನೇಗೆ ಬಂದವ್ಳೆ, ನಮ್ಮ ಅಂಬ್ಲಿ ಕುಡೀತವ್ಳೆ, ನಮ್ಮ ಮಾತು ತಿಳೀದಾ? ಮಗಾ ಕೇಳಿ ಕರ್‍ದೈತೆ. ದಿನಾ ಅಂಗೇ ಕರೀಲಿ ಬುಡು.”

ಅಲ್ಲಿಂದ ಅದು ನನ್ನ ಕೆಲಸವಾಯಿತು. ದಿನಕ್ಕೆ ಹಲವು ಸಲ ದೇವಿಯನ್ನು ಅತ್ತ ಕೂರಲು ಬೇಡಿಕೊಂಡು ಅಕ್ಕಾ ಎನ್ನುತ್ತಿದ್ದೆ, ಅವಳು ಊಂ ಎಂದ ಮೇಲೆ ದೇವಿಗೆ ಜಾಗ ಬಿಡುತ್ತಿದ್ದೆ. ಅಮ್ಮ ಅಷ್ಟು ಹೊತ್ತೂ ಕಿವಿ ಮುಚ್ಚಿಕೊಂಡು ಹೊರಗೆ ನಿಲ್ಲುತ್ತಿದ್ದಳು. ಪ್ರತಿ ಸಲವೂ ನೆಲ ನಡುಗುತ್ತದೆಂದು ನಾನು ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದೆ. ಬೆಳಗಾದರೆ ಎಲ್ಲರಿಗಿಂತ ಮೊದಲು ಎದ್ದು ಬಾಗಿಲ ಬೆಳಕಿನಲ್ಲಿ ನನ್ನ ಕೈ, ಕಾಲು, ಹೊಟ್ಟೆ ಎಲ್ಲ ನೋಡಿಕೊಳ್ಳುತ್ತಿದ್ದೆ. ದೇವಿ ನನ್ನ ‘ಬಾ’ ಎಂಬ ಮೊದಲ ಮಾತನ್ನು ಕೇಳಿಸಿಕೊಂಡಳೋ ‘ಬರಬೇಡ’ ಎಂಬ ಎರಡನೆಯದನ್ನೋ ಯಾರಿಗೆ ಗೊತ್ತು? ಸೊಳ್ಳೆ ಕಚ್ಚಿದ ಗುಳ್ಳೆ ಕಂಡರೂ ಅಜ್ಜಿಗೆ ತೋರಿಸಲು ಓಡುತ್ತಿದ್ದೆ.

ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದವು. ಬೇವು, ಅರಿಶಿನ ಹಾಕಿದ ನೀರಿನಲ್ಲಿ ಅಕ್ಕನಿಗೆ ಸ್ನಾನ ಮಾಡಿಸಿದರು. ತಂಬಿಟ್ಟು, ಮೊಸರನ್ನ ಒಯ್ದು ಬೇವಿನ ಮರದ ಹತ್ತಿರ ಇಟ್ಟು ದೇವಿಯನ್ನು ಕಳಿಸಿಕೊಟ್ಟರು. ಅಕ್ಕ ಉಳಿದಳು. ಮುಖದ ತುಂಬ ಕುಳಿಗಳು ಉಳಿದವು, ಎಡಗಣ್ಣು ಬೆಳ್ಳಗಾಗಿ ಮತ್ತೆ ಬೆಳಕು ಕಾಣಲಿಲ್ಲ. ಕನ್ನಡಿ ನೋಡಿಕೊಂಡ ದಿನ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು, ಎಷ್ಟೋ ದಿನದಿಂದ ಬಾಚದ ನನ್ನ ತಲೆ ಬಾಚಿದಳು. ಮೆಲ್ಲಗೆ ಬಾಚಿದಳು. ಅದಕ್ಕೇ ನನಗೆ ಅಳು ಬಂತು.

ನನ್ನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅಪ್ಪ ಹೇಳಿದ್ದಂತೆ ಅದು ತೋಳು ಗೀರಿ ಹಾಕಿದ ಮದ್ದಿನ ಗುಣವೆಂದು ದೊಡ್ಡವಳಾದ ಮೇಲೆ ಅರ್ಥವಾಯಿತು. ಅಕ್ಕ ಬದುಕಿದ್ದು ಯಾತರಿಂದ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ದೇವಿ ಕೇಳಿಸಿಕೊಂಡಳೆಂದು ನಾನು ಆಣೆ ಮಾಡಲಾರೆ, ಕೇಳಿಸಿಕೊಳ್ಳಲಿಲ್ಲವೆಂದು ಹೇಳಲೂ ನನಗೆ ಬಾಯಿ ಬಾರದು.

ಈಗ ಸಿಡುಬು ಲೋಕದಲ್ಲೇ ಇಲ್ಲ. ಗಣಿಗಳೂ ಮುಚ್ಚಿವೆ, ನೆಲ ನಡುಗುವುದೆಂದರೆ ಏನೆಂದು ನಿಮಗೆ ತಿಳಿಯದು. ನಿಮಗೆ ಹುಟ್ಟಿದ ದಿನದಿಂದ ಸೂಜಿ ಚುಚ್ಚಿಸಿದ್ದಾರೆ. ಜ್ವರ ಬಂದರೆ ಡಾಕ್ಟರು ಅದರ ಹೆಸರು ಬಾಯಿಬಿಟ್ಟು ಹೇಳುತ್ತಾರೆ, ಯಾರೂ ಹೆದರಿ ಪಿಸುಗುಡುವುದಿಲ್ಲ. ಎರಡು ಮಾತ್ರೆ ನುಂಗಿ ಮಾರನೇ ದಿನ ಟಿವಿ ಮುಂದೆ ಕೂರುತ್ತೀರಿ. ಹಾಗೇ ಇರಲಿ, ನನಗೆ ಅದೇ ಸಂತೋಷ. ಆದರೆ ಹೋದ ತಿಂಗಳು ನಿಮ್ಮಲ್ಲಿ ಚಿಕ್ಕವಳಿಗೆ ಜ್ವರ ಏರಿ ಮಂಪರು ಹತ್ತಿದಾಗ ನಾನು ಹಾಸಿಗೆಯ ಪಕ್ಕದಿಂದ ಏಳಲಿಲ್ಲ, ಅವಳ ಹೆಸರು ಹಿಡಿದು ಕರೆಯುತ್ತಲೇ ಇದ್ದೆ. ಕೊನೆಗೆ ಅವಳು ಕಣ್ಣು ಬಿಡದೆ, ಅಜ್ಜಿ, ಸುಮ್ಮನೆ ಮಲಗೋಕೆ ಬಿಡಬಾರದಾ ಎಂದು ಗೊಣಗಿದಳು. ಆ ಗೊಣಗು ಕೇಳಿದ ಮೇಲೆಯೇ ನನಗೆ ನಿದ್ದೆ ಬಂದದ್ದು.