ದ್ರಾಕ್ಷಾಯಣಮ್ಮನಿಗೊಂದು ಲಿನಕ್ಸ್

ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ವಾಣಿಶ್ರೀ ಇಪ್ಪತ್ತಾರು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದ್ದಳು. ಪ್ರೆಸ್ಸು ಮುಚ್ಚಿದ ಮೇಲೆ, ಪರಿಚಯದವರ ಹಳೇ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮತ್ತೆ ಓಡುವಂತೆ ಮಾಡಿಕೊಡುವುದು ಅವಳಿಗೆ ಅಂಟಿಕೊಂಡ ಹುಚ್ಚು. ಹರಿಹರದ ಗೆಳತಿ ದ್ರಾಕ್ಷಾಯಣಮ್ಮ ಫೋನ್ ಮಾಡಿ, "ನನ್ ಕಂಪ್ಯೂಟರ್ ಹಳೇದಾತಂತೆ ವಾಣಿ, ಹೊಸಾದು ತಗಳ್ರಿ ಅಂತಾನೆ ಅಂಗಡಿಯವ" ಎಂದಳು.

"ಏನೂ ತಗಾಬ್ಯಾಡ. ನಾ ಬರ್ತೀನಿ."

ಭಾನುವಳ್ಳಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದ ದ್ರಾಕ್ಷಾಯಣಮ್ಮನಿಗೆ ಕಂಪ್ಯೂಟರ್ ಬೇಕಾಗಿದ್ದು ಒಂದಕ್ಕೇ: ಅವ್ವ ಹೇಳುತ್ತಿದ್ದ ಬೀಸೋ ಪದಗಳನ್ನು ಬರೆದಿಡಲಿಕ್ಕೆ. ಹರಿಹರಕ್ಕೆ ಬಂದ ವಾಣಿಶ್ರೀ ಮೊದಲು ಆ ಬರಹವನ್ನೆಲ್ಲ ಬೇರೆಡೆ ಕಾಪಿ ಮಾಡಿಟ್ಟಳು. ಆಮೇಲೆ ಲಿನಕ್ಸಿನ ಬಗೆಗಳಲ್ಲಿ ತನಗೆ ಇಷ್ಟವಾದ ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ತೋರಿಸಿದಳು.

"ಎಲ್ಲಿಂದ ಒಳಗೆ ಹೋಗ್ಬೇಕೇ ಇದ್ರಾಗೆ? ಬಾಗ್ಲೇ ಕಾಣವಲ್ದು."

ವಾಣಿಶ್ರೀಗೆ ಚೂರು ಪಿಚ್ಚೆನಿಸಿತು. ಆದರೆ ಬಳಸುವವಳು ತಾನಲ್ಲವಲ್ಲ. ಎರಡನೆಯ ಪೆನ್‌ಡ್ರೈವಿನಲ್ಲಿ ಮಿಂಟ್ ಎಂಬ ಇನ್ನೊಂದು ಬಗೆಯ ಲಿನಕ್ಸ್ ಇತ್ತು. ಕೆಳಗೆ ಎಡಮೂಲೆಯ ಮೆನು ನೋಡಿದ್ದೇ ತಡ, "ಇದು ನಂದಿದ್ದಂಗೇ ಐತೆ!" ಎಂದಳು ದ್ರಾಕ್ಷಾಯಣಮ್ಮ. ಅದೇ ಗಟ್ಟಿಯಾಯಿತು.

ಉಳಿದಿದ್ದು ಕನ್ನಡ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವುದು ಗೆಳತಿಗೆ ಒಗ್ಗಿರಲೇ ಇಲ್ಲ; ಎರಡು ವರ್ಷದಲ್ಲಿ ಒಂಬತ್ತೇ ಬೀಸೋ ಪದ ಬರೆದಿದ್ದಳು. ಪರದೆಯ ಮೇಲೆ ಕನ್ನಡ ಕೀಬೋರ್ಡು ವಿನ್ಯಾಸಗಳ ಪಟ್ಟಿ ಇಳಿಸುತ್ತಾ ಹೋದ ವಾಣಿಶ್ರೀಯ ಕೈ ಒಂದೆಡೆ ನಿಂತಿತು. 'ಕನ್ನಡ ಟೈಪ್‌ರೈಟರ್' ಎಂದಿತ್ತು.

ಸೈಕಲ್ ಅಂಗಡಿಯ ಮೇಲಿನ ಪಾಲಯ್ಯ ಮೇಷ್ಟ್ರ ಕನ್ನಡ ಟೈಪಿಂಗ್ ಕ್ಲಾಸು ಕಣ್ಣಿಗೆ ಕಟ್ಟಿತು. ಇಬ್ಬರಿಗೂ ಆಗ ಹತ್ತೊಂಬತ್ತು. ಅಕ್ಕಪಕ್ಕದ ಮೆಷಿನ್ನು. ಕೀಲಿಗಳ ಮೇಲೆ ಟವೆಲ್ ಹೊದಿಸಿ ಮೇಷ್ಟ್ರು ಗದರುತ್ತಿದ್ದರು: "ಕಣ್ಣು ಕಾಗದದ ಮ್ಯಾಲಿರ್ಲಿ, ಬೆರಳು ತಾವೇ ಹೋಗ್ತಾವೆ."

"ಒತ್ತಿ ನೋಡು, ದ್ರಾಕ್ಷಿ."

ದ್ರಾಕ್ಷಾಯಣಮ್ಮ ಅನುಮಾನದಿಂದಲೇ ಬೆರಳಿಟ್ಟಳು. ಎರಡು ತಪ್ಪು, ಮೂರು ತಪ್ಪು. ಆಮೇಲೆ ಬೆರಳು ಓಡತೊಡಗಿದವು. ಸಾಲು ಮುಗಿಯುತ್ತಲೇ ಅವಳ ಎಡಗೈ ತಾನಾಗಿ ಮೇಲೆದ್ದು, ಇಲ್ಲದ ಮೆಷಿನ್ನಿನ ಹಿಡಿಯನ್ನು ಬಲಕ್ಕೆ ತಳ್ಳಿತು. ಗಾಳಿಯಲ್ಲಿ ನಿಂತ ಆ ಕೈಯನ್ನು ಇಬ್ಬರೂ ನೋಡಿದರು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಮಿಂಟನ್ನು ಪೂರ್ತಿ ಹಾಕಿ, ಊಟ ಮುಗಿಸಿ ಹೊರಡುವಾಗ ಸಂಜೆಯಾಗಿತ್ತು. ಬಸ್ ಸ್ಟ್ಯಾಂಡಿನವರೆಗೂ ಬಂದ ದ್ರಾಕ್ಷಾಯಣಮ್ಮ, "ಮತ್ತೆ ಯಾವಾಗ ಬರ್ತೀಯೇ?" ಎಂದು ಕೇಳಿದಳು.

"ಏನಾರ ಕೆಟ್ರೆ ಫೋನ್ ಮಾಡು, ಬರ್ತೀನಿ."

"ಕೆಡದಿದ್ರೂ ಬಾರೇ" ಎಂದಳು ದ್ರಾಕ್ಷಾಯಣಮ್ಮ.