ಲಾರಿ ಏರಿ ಬಂದ ಜೀಪು

ಇಳಕಲ್ಲಿನ ಗ್ಯಾರೇಜಿನಿಂದ ನಾವು ಹೊರಟಾಗ ಬೆಳಗಿನ ಆರೂವರೆ. ಫೆಬ್ರವರಿಯ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನನ್ನ ಅಣ್ಣ ಮಹಾಂತೇಶ ಎರಡು ವರ್ಷ ಕೂತು ರಿಪೇರಿ ಮಾಡಿದ ಹಳೆಯ ಮಿಲಿಟರಿ ಜೀಪು ಚೆನ್ನಾಗಿಯೇ ಓಡುತ್ತಿತ್ತು. ಆದರೂ ಲಾರಿಯ ಬೆನ್ನೇರಿ ಕೂತಿತ್ತು. ಸೈನ್ಯದ ಹರಾಜಿನಲ್ಲಿ ಗುಜರಿಯೆಂದು ಕೊಂಡ ಗಾಡಿ ಅದು. ಅದಕ್ಕಿನ್ನೂ ನಂಬರ್ ಸಿಕ್ಕಿರಲಿಲ್ಲ. ನಂಬರಿಲ್ಲದ ಗಾಡಿಯನ್ನು ರಸ್ತೆಯ ಮೇಲೆ ಅರ್ಧ ಮೈಲಿ ಓಡಿಸಿದರೂ ತಪ್ಪು. ಬಾಗಲಕೋಟೆಯ ಆರ್‌ಟಿಓ ಕಚೇರಿಯಲ್ಲಿ ತಪಾಸಣೆ ಮುಗಿಸಿ, ಬಾದಾಮಿ ದಾಟಿ ಬನಶಂಕರಿಯಲ್ಲಿರುವ ದೊಡ್ಡಪ್ಪನಿಗೆ ತೋರಿಸಿ ಬರುವುದು ನಮ್ಮ ಲೆಕ್ಕಾಚಾರ.

ದೊಡ್ಡಪ್ಪ ಸೈನ್ಯದಲ್ಲಿ ಇಪ್ಪತ್ತು ವರ್ಷ ಇಂಥದೇ ಜೀಪು ಓಡಿಸಿದವರು. ಅವರ ಹಳೆಯ ಟ್ರಂಕನ್ನು ಎದುರಿಗಿಟ್ಟುಕೊಂಡು, ನಾಲ್ಕು ಸಲ ಬಳಿದು ನಾಲ್ಕು ಸಲ ಕೆರೆದು, ಅಣ್ಣ ಅದೇ ಮಿಲಿಟರಿ ಹಸಿರನ್ನು ಜೀಪಿಗೆ ತಂದಿದ್ದ. ನಾನು ಜೊತೆಗೆ ಹೊರಟದ್ದು ಫೈಲು ಹಿಡಿಯಲು. ಅಣ್ಣನಿಗೆ ಇಂಜಿನ್ ಒಲಿದಿದೆ, ಅರ್ಜಿ ಒಲಿದಿಲ್ಲ. ಶಾಲೆಯ ಶಿಕ್ಷಕಿಯಾದ ನಾನೇ ಎಲ್ಲ ಕಾಗದಗಳನ್ನೂ ಬರೆದಿದ್ದೆ.

ಹುನಗುಂದದ ಹೊರಗೆ ಪೊಲೀಸರು ಕೈ ಅಡ್ಡ ಮಾಡಿದರು. ಮೇಲೆ ಹೊದಿಸಿದ್ದ ತಾಡಪತ್ರಿ ಗಾಳಿಗೆ ಸರಿದು ಜೀಪಿನ ಮೂತಿ ಕಾಣುತ್ತಿತ್ತು.

"ಮಿಲಿಟರಿ ಗಾಡಿ ಎಲ್ಲಿಗೆ ಒಯ್ಯಾಕತ್ತೀರಿ?" ಎಂದರು ಹವಾಲ್ದಾರರು.

"ಬಾಗಲಕೋಟಿಗ್ರಿ, ಪಾಸಿಂಗ್ ಮಾಡಿಸಾಕ," ಎಂದ ಲಾರಿ ಚಾಲಕ ರಾಜೇಸಾಬ.

ಹರಾಜಿನ ಪತ್ರ, ಬಿಡಿಭಾಗಗಳ ರಸೀದಿ, ಎಲ್ಲ ಕೊಟ್ಟೆ. ಅವರು ಒಂದೊಂದನ್ನೂ ಓದಿ, ಲಾರಿಯ ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಒಳಗೆ ಇಣುಕಿದರು. "ಭಾಳ ಚಲೋ ಮಾಡೀರಿ. ಆದ್ರ ಹಿಂದಿನ ಸರಪಳಿ ಸಡ್ಲಾಗೈತಿ, ಬಿಗೀರಿ," ಎಂದು ಇಳಿದರು. ರಾಜೇಸಾಬ ನಾಚಿಕೊಂಡೇ ಬಿಗಿದ. ಅಮೀನಗಡದಲ್ಲಿ ಚಹಾ ಕುಡಿದು, ದೊಡ್ಡಪ್ಪನಿಗೆಂದು ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡೆವು.

ಬಾಗಲಕೋಟೆ ಮುಟ್ಟಿದಾಗ ಹತ್ತೂವರೆ, ಬಿಸಿಲು ಏರಿತ್ತು. ಇನ್‌ಸ್ಪೆಕ್ಟರ್ ಮೇಡಂ ಲಾರಿ ಹತ್ತಿ ಚಾಸಿ ನಂಬರನ್ನು ಟಾರ್ಚ್ ಹಿಡಿದು ಓದಿದರು. ಆಮೇಲೆ ಕಚೇರಿಯ ಆವರಣದಲ್ಲಿ ಜೀಪನ್ನು ಇಳಿಸಿ ಬ್ರೇಕು, ದೀಪ, ಹಾರನ್ನು ನೋಡಿದರು. ಅಣ್ಣನ ಮುಖ ಅರಳುತ್ತ ಹೋಯಿತು.

"ಎಲ್ಲಾ ಸರಿ ಐತ್ರಿ," ಎಂದರು ಮೇಡಂ. "ಆದ್ರ ಈ ಬಣ್ಣ ನಡಿಯೂದಿಲ್ಲ. ಇದು ಸೈನ್ಯದ ಗಾಡಿಗಷ್ಟ ಮೀಸಲು. ಬ್ಯಾರೆ ಬಣ್ಣ ಹಚ್ಚಿ ತರ್ರಿ, ನಾ ಸಹಿ ಮಾಡ್ತೇನಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅರ್ಜಿಗಳ ಮೇಲೆ ಅರ್ಜಿ ತುಂಬಿದವಳು, ಬಣ್ಣದ ನಿಯಮವನ್ನೇ ಓದದೆ ಹೋಗಿದ್ದೆ.

ನವನಗರದ ಖಾನಾವಳಿಯಲ್ಲಿ ಅಣ್ಣ ಎದುರಿಗಿದ್ದ ರೊಟ್ಟಿ ಮುರಿಯಲಿಲ್ಲ. "ದೊಡ್ಡಪ್ಪ ಫೋನ್ ಮಾಡಿದಾಗೆಲ್ಲ ಒಂದ ಕೇಳ್ತಿದ್ದ, ಬಣ್ಣ ಹೊಂದೇತೇನಂತ. ಈಗೇನ್ ಹೇಳ್ಲಿ?"

"ತಪ್ಪು ನಂದಣ್ಣ," ಎಂದೆ.

ರಾಜೇಸಾಬ ಸಾರು ಬಡಿಸಿಕೊಳ್ಳುತ್ತ ಹೇಳಿದ: "ಲಾರಿ ಮ್ಯಾಲ ಇರೂತನಾ ಅದು ಗಾಡಿ ಅಲ್ರಿ, ಸಾಮಾನು. ಒಮ್ಮೆ ಒಯ್ದು ದೊಡ್ಡಪ್ಪಾರಿಗೆ ತೋರ್ಸೂಣು. ಆಮ್ಯಾಲ ಬಣ್ಣ ಬದಲಿ ಮಾಡ್ರಿ."

ನಾನು ಮತ್ತೆ ಕಚೇರಿಗೆ ಹೋಗಿ ಕೇಳಿದೆ. ಮುಚ್ಚಿಕೊಂಡು, ಕಾಗದ ಇಟ್ಟುಕೊಂಡು ಒಯ್ಯಿರಿ, ಗಾಲಿ ಮಾತ್ರ ರಸ್ತೆಗೆ ತಾಗಬಾರದು ಎಂದರು ಮೇಡಂ. ಬಿಗಿದ ಸರಪಳಿಯನ್ನು ಈ ಸಲ ಅಣ್ಣನೇ ಎರಡು ಬಾರಿ ಎಳೆದು ನೋಡಿದ.

ಕೆರೂರಿನ ಮೇಲೆ ಹಾದು ಬಾದಾಮಿಯ ಕೆಂಪು ಗುಡ್ಡ ದಾಟಿದೆವು. ಬನಶಂಕರಿ ತಲುಪಿದಾಗ ಮೂರೂವರೆ. ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಬಾಗಿಲ ಮುಂದೆ ನಿಂತಿದ್ದರು. "ಓಡಿಕೊಂತ ಬರ್ತದ ಅಂದ್ರ, ಮದಿಮಗಳ ಹಂಗ ಕುಂತು ಬಂತಲ್ಲೋ!" ಎಂದು ನಕ್ಕರು.

ಲಾರಿಯನ್ನು ಹಿಂದೆ ತೆಗೆದು ಅವರದೇ ಹೊಲದ ಕಣಕ್ಕೆ ತಾಗಿಸಿ, ಹಲಗೆ ಇಟ್ಟು ಜೀಪನ್ನು ಇಳಿಸಿದೆವು. ತಾಡಪತ್ರಿ ಸರಿಸಿದಾಗ ದೊಡ್ಡಪ್ಪನ ನಗು ನಿಂತಿತು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಎಂಬತ್ತೆರಡರ ಆ ಜೀವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತು ಕಣದಲ್ಲಿ ಎರಡು ಸುತ್ತು ಹಾಕಿತು. ಗೇರು ಒಮ್ಮೆಯೂ ಕಿರುಗುಟ್ಟಲಿಲ್ಲ.

ಅವರು ಇಂಜಿನ್ ಬಂದ್ ಮಾಡಿದ ಮೇಲೆ ನಾನು ಬಣ್ಣದ ಸಂಗತಿಯನ್ನು ಹೇಳಿದೆ.

"ಇದಕ್ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ?" ಎಂದರು ದೊಡ್ಡಪ್ಪ. "ಆ ಮೇಡಮ್ಮ ಖರೆ ಹೇಳ್ಯಾರ. ನಾ ರಿಟೈರ್ ಆಗಿ ಬಂದ ದಿನ ವರ್ದಿ ಮಡಚಿಟ್ಟೆ. ಅದನ್ನ ಹಾಕ್ಕೊಂಡು ಸಂತಿಗೆ ಹೋಗೀನೇನು? ಇದೂ ರಿಟೈರ್ ಆತು. ಹಚ್ರಿ ಬ್ಯಾರೆ ಬಣ್ಣ."

"ಯಾವ ಬಣ್ಣ?" ಎಂದ ಅಣ್ಣ.

ದೊಡ್ಡಪ್ಪ ಗದ್ದ ಎತ್ತಿ ದೊಡ್ಡವ್ವನನ್ನು ತೋರಿಸಿದರು. ಅವಳು ನಮಗೆಂದು ಚುರಮುರಿಯ ಬುಟ್ಟಿ ಹಿಡಿದು ಕಣದ ಅಂಚಿನಲ್ಲಿ ನಿಂತಿದ್ದಳು. "ಆಕಿನ್ನ ಕೇಳು."

"ಕೆಂಪು," ಎಂದಳು ದೊಡ್ಡವ್ವ, ಯೋಚಿಸದೆ. "ಹಸಿರು ಗಾಡ್ಯಾಗ ಹ್ವಾದಾವ್ರು ಎಲ್ಲಿ ಅದಾರ, ಯಾವಾಗ ಬರ್ತಾರ, ಒಂದೂ ತಿಳೀತಿದ್ದಿಲ್ಲ. ಬರೂದು ದೂರದಿಂದ ಕಾಣ್ಬೇಕು."

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಪಕ್ಕದ ಸೀಟನ್ನು ಒರೆಸಿ, "ಬಾ, ಕೂಡು," ಎಂದರು. ಗಂಡ ಓಡಿಸುವ ಜೀಪಿನಲ್ಲಿ ಅವಳು ಕೂತದ್ದು ಅದೇ ಮೊದಲು. ಬುಟ್ಟಿಯನ್ನು ನನ್ನ ಕೈಗಿತ್ತು ಹತ್ತಿದಳು.

ಆ ಸುತ್ತು ಮುಗಿಯಲಿ ಎಂದು ನಾವು ಲಾರಿಯ ನೆರಳಲ್ಲಿ ಕಾದೆವು. ಕಣ ದಾಟಿ, ಹೊಲದ ಜೋಳದ ಕೂಳೆಯ ಮೇಲೆ ಜೀಪು ಎತ್ತಿನ ನಡಿಗೆಯಲ್ಲಿ ಹೋಗುತ್ತಿತ್ತು. ದೊಡ್ಡವ್ವನ ತಲೆಯ ಸೆರಗು ಗಾಳಿಗೆ ಜಾರಿತ್ತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.